ಆಟಗಾರರ ಅಸಮ ವಿನಿಮಯ

ವೃತ್ತಿಪರ ಲೀಗುಗಳಲ್ಲಿ ಒಂದು ತಂಡ ತನ್ನ ಒಳ್ಳೆಯ ಆಟಗಾರನನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಕಡಿಮೆ ಹೆಸರಿನವನನ್ನೋ ಬರೀ ಹಣವನ್ನೋ ಪಡೆಯುವ ವ್ಯವಹಾರ. ವರದಿಗಾರರೂ ಅಭಿಮಾನಿಗಳೂ ಇದನ್ನು ‘ಟ್ರೇಡ್’ ಎಂದೇ ಕರೆಯುತ್ತಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಈ ವ್ಯವಹಾರದಲ್ಲಿ ಪಳಗಿದೆ. ಕನ್ನಡಿಗರಿಗೆ ಇದು ಪರಿಚಯವಾದದ್ದು ಐಪಿಎಲ್ ಕ್ರಿಕೆಟ್ಟಿನಿಂದ, ಅದರಲ್ಲೂ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡದಿಂದ.

ಬೀದರ್ ಜಿಲ್ಲೆಯ ದುಬಲಗುಂಡಿ, ಹುಮನಾಬಾದ್ ಕಡೆಯ ದನದ ಸಂತೆಯಲ್ಲಿ ಎತ್ತು ಅದಲುಬದಲು ಮಾಡುವವರು ‘ಮ್ಯಾಲ ಇಷ್ಟು ರೊಕ್ಕ’ ಎಂದು ಸೇರಿಸಿ ಲೆಕ್ಕ ಸರಿದೂಗಿಸುತ್ತಾರೆ. ಲೀಗುಗಳಲ್ಲಿ ನಡೆಯುವುದೂ ಅದೇ. ಆದರೆ ಅಲ್ಲಿ ಮೇಲೆ ಸೇರುವುದು ರೊಕ್ಕವೇ ಆಗಬೇಕಿಲ್ಲ, ರೊಕ್ಕ ಖರ್ಚು ಮಾಡುವ ಅವಕಾಶವೂ ಆಗಬಹುದು. ಸಂಬಳಕ್ಕೆ ಮಿತಿ ಹಾಕಿರುವ ಲೀಗಿನಲ್ಲಿ ಖಾಲಿ ಜಾಗಕ್ಕೂ ಬೆಲೆಯಿದೆ. ಆಟಗಾರರನ್ನಷ್ಟೇ ಎಣಿಸಿದರೆ ಮೂರ್ಖತನವೆಂದು ಕಾಣುವ ಟ್ರೇಡುಗಳಲ್ಲಿ ಬಹುಪಾಲು, ಆ ಜಾಗವನ್ನೂ ಎಣಿಸಿದಾಗ ಅರ್ಥವಾಗುತ್ತವೆ. ಜಾಗ ಸಿಕ್ಕಮೇಲೆ ತಂಡ ಅದನ್ನು ಹೇಗೆ ಬಳಸಿತು ಎಂಬುದು ಬೇರೆಯೇ ಕಥೆ.

ಬ್ಯಾಸ್ಕೆಟ್‌ಬಾಲ್: ಸಂಬಳ ಹೊಂದಿಸುವ ಆಟ

ಮಿತಿಗಳಿಲ್ಲದ ಕಾಲದಲ್ಲಿ ವ್ಯವಹಾರ ನೇರವಾಗಿತ್ತು. 1976ರಲ್ಲಿ ಎಬಿಎ ಲೀಗಿನ ನಾಲ್ಕು ತಂಡಗಳು ಎನ್‌ಬಿಎಗೆ ಸೇರಿದವು. ಅವುಗಳಲ್ಲೊಂದಾದ ನ್ಯೂಯಾರ್ಕ್ ನೆಟ್ಸ್ ಪ್ರವೇಶ ಶುಲ್ಕವಾಗಿ 32 ಲಕ್ಷ ಡಾಲರ್ ಕಟ್ಟಬೇಕಿತ್ತು. ಜೊತೆಗೆ, ನ್ಯೂಯಾರ್ಕ್ ಮಾರುಕಟ್ಟೆಗೆ ಕಾಲಿಟ್ಟದ್ದಕ್ಕೆ ಅದೇ ಊರಿನ ನಿಕ್ಸ್ ತಂಡಕ್ಕೆ 48 ಲಕ್ಷ ಡಾಲರ್ ಪರಿಹಾರ. ಕೈ ಖಾಲಿಯಾಗಿದ್ದ ನೆಟ್ಸ್ ತನ್ನ ಅತಿ ದೊಡ್ಡ ತಾರೆ ಜೂಲಿಯಸ್ ಅರ್ವಿಂಗ್‌ನನ್ನು 30 ಲಕ್ಷ ಡಾಲರಿಗೆ ಫಿಲಡೆಲ್ಫಿಯಾಕ್ಕೆ ಮಾರಿತು. ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ.

1984–85ರಲ್ಲಿ ಎನ್‌ಬಿಎ ತಂಡಗಳ ಒಟ್ಟು ಸಂಬಳಕ್ಕೆ ಮಿತಿ ಹಾಕಿತು. ಆಗ ಅದು 36 ಲಕ್ಷ ಡಾಲರ್; 2025–26ಕ್ಕೆ 15 ಕೋಟಿ 46 ಲಕ್ಷ ಡಾಲರ್. ಈ ಮಿತಿಯನ್ನು ದಾಟಲು ಹಲವು ಕಿಂಡಿಗಳಿವೆ. ಆದರೆ ದಾಟಿದ ತಂಡ ಟ್ರೇಡ್ ಮಾಡುವಾಗ ಕೊಡುವ ಸಂಬಳವೂ ಪಡೆಯುವ ಸಂಬಳವೂ ಹೆಚ್ಚುಕಡಿಮೆ ಸಮನಾಗಿರಬೇಕು. ಸಮನಾಗಬೇಕಾದದ್ದು ಸಂಬಳ ಮಾತ್ರ, ಆಟವಲ್ಲ. ಅಸಮ ವಿನಿಮಯದ ಬಾಗಿಲು ತೆರೆಯುವುದು ಇಲ್ಲೇ.

2008ರ ಫೆಬ್ರುವರಿ 1ರ ಟ್ರೇಡ್ ಇದಕ್ಕೆ ಪಾಠದಂತಿದೆ. ಮೆಂಫಿಸ್ ತಂಡ ಪಾವ್ ಗಸೋಲ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಿತು. ಬದಲಿಗೆ ಬಂದವರಲ್ಲಿ ಮುಖ್ಯ ಕ್ವಾಮೆ ಬ್ರೌನ್. ಅವನ ಆಟದ ಬಗ್ಗೆ ಯಾರಿಗೂ ಭ್ರಮೆ ಇರಲಿಲ್ಲ. ಬೆಲೆ ಇದ್ದದ್ದು ಅವನ ಕರಾರಿಗೆ: ಸುಮಾರು 90 ಲಕ್ಷ ಡಾಲರಿನ ಆ ಕರಾರು ಆ ಋತುವಿಗೇ ಮುಗಿಯುತ್ತಿತ್ತು. ಗಸೋಲ್‌ಗೆ ಇನ್ನೂ ಹಲವು ವರ್ಷ ದೊಡ್ಡ ಸಂಬಳ ಕೊಡಬೇಕಿದ್ದ ಮೆಂಫಿಸ್‌ಗೆ ಬೇಕಾಗಿದ್ದದ್ದು ಆ ಮುಕ್ತಾಯದ ತಾರೀಖು. ಲೆಕ್ಕ ಕೂಡಲು ಇನ್ನಷ್ಟು ಸಂಬಳ ಸೇರಿಸಬೇಕಾಯಿತು. ಆಡುವುದನ್ನು ಬಿಟ್ಟು ಫಿಲಡೆಲ್ಫಿಯಾದಲ್ಲಿ ಸ್ವಯಂಸೇವಕ ಸಹಾಯಕ ಕೋಚ್ ಆಗಿದ್ದ ಆರನ್ ಮಕೀಗೆ ಲೇಕರ್ಸ್ ಹೊಸ ಕರಾರು ಬರೆದುಕೊಟ್ಟು, ಅವನನ್ನೂ ಕಟ್ಟಿಗೆ ಸೇರಿಸಿ ಕಳಿಸಿತು. ಅದೇ ತಿಂಗಳು ಡಲ್ಲಾಸ್ ತಂಡ ಜೇಸನ್ ಕಿಡ್‌ನನ್ನು ತರಲು ಇದೇ ಉಪಾಯ ಹೂಡಿ, 2006ರಿಂದ ಆಡದಿದ್ದ ಕೀತ್ ವ್ಯಾನ್ ಹಾರ್ನ್‌ಗೆ 43 ಲಕ್ಷ ಡಾಲರಿನ ಕರಾರು ಕೊಟ್ಟಿತು. ಆಡದೆ ಸಂಬಳ ಗಳಿಸಿದ ಆಟಗಾರರ ಪಟ್ಟಿಯಲ್ಲಿ ಈ ಇಬ್ಬರೂ ಮೇಲಿನವರು.

ಲೇಕರ್ಸ್ 2009 ಮತ್ತು 2010ರಲ್ಲಿ ಚಾಂಪಿಯನ್ ಆಯಿತು, ಮೆಂಫಿಸ್ ನಗೆಪಾಟಲಾಯಿತು. ಆದರೆ ಆ ಟ್ರೇಡಿನ ಬಾಲದಲ್ಲಿ ಇನ್ನೊಂದು ಹೆಸರಿತ್ತು. ಪಾವ್‌ನ ತಮ್ಮ ಮಾರ್ಕ್ ಗಸೋಲ್‌ನನ್ನು ಲೇಕರ್ಸ್ 2007ರ ಡ್ರಾಫ್ಟಿನಲ್ಲಿ (ಹೊಸ ಆಟಗಾರರ ಆಯ್ಕೆಯಲ್ಲಿ) 48ನೆಯವನಾಗಿ ಆರಿಸಿಕೊಂಡಿತ್ತು. ಅವನ ಹಕ್ಕೂ ಮೆಂಫಿಸ್ ಪಾಲಾಯಿತು. 2013ರಲ್ಲಿ ಅವನು ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಪಡೆದ. ಟ್ರೇಡನ್ನು ಆ ದಿನವೇ ತೂಗುವುದು ಅಭಿಮಾನಿಯ ಹಕ್ಕು. ಮರುದಿನದ ಪತ್ರಿಕೆ ಓದಿ ತೀರ್ಪು ಕೊಡುವುದು ಅಪಾಯ.

2012ರ ಅಕ್ಟೋಬರಿನಲ್ಲಿ ಒಕ್ಲಹೋಮಾ ಸಿಟಿ ತಂಡ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟದ್ದೂ ಹಣದ ಕಾರಣಕ್ಕೇ. ಅವನು ಕೇಳಿದಷ್ಟು ಕೊಟ್ಟರೆ ತಂಡ ಐಷಾರಾಮಿ ತೆರಿಗೆಯ ಗೆರೆ ದಾಟಿ, ಮೀರಿದ ಪ್ರತಿ ಡಾಲರಿಗೂ ಲೀಗಿಗೆ ದಂಡ ಕಟ್ಟಬೇಕಿತ್ತು. ಹ್ಯೂಸ್ಟನ್ ಅವನಿಗೆ ಐದು ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟಿತು. 2018ರಲ್ಲಿ ಹಾರ್ಡನ್ ಲೀಗಿನ ಅತ್ಯಮೂಲ್ಯ ಆಟಗಾರನಾದ. ಲೀಗು ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ ನಿಯಮ ಇನ್ನೂ ಬಿಗಿಯಾಗಿದೆ. ‘ಎರಡನೇ ಏಪ್ರನ್’ ಎಂಬ ಗೆರೆ ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಟ್ರೇಡಿನಲ್ಲಿ ನಗದು ಕೊಡುವಂತೆಯೂ ಇಲ್ಲ. ದುಬಾರಿ ಆಟಗಾರರನ್ನು ಕಳಚಿಹಾಕುವ ಅವಸರ ಇದರಿಂದ ಹೆಚ್ಚಿದೆ.

ಐಪಿಎಲ್: ಪರ್ಸ್‌ನ ಲೆಕ್ಕ

ಐಪಿಎಲ್‌ನಲ್ಲಿ ಸಂಬಳ ಹೊಂದಿಸುವ ಕಟ್ಟುಪಾಡಿಲ್ಲ. ಅಲ್ಲಿರುವುದು ಪರ್ಸ್, ಅಂದರೆ ಆಟಗಾರರ ಮೇಲೆ ತಂಡವೊಂದು ಖರ್ಚು ಮಾಡಬಹುದಾದ ಒಟ್ಟು ಮೊತ್ತ. 2008ರ ಮೊದಲ ಹರಾಜಿನಲ್ಲಿ ಇದು 50 ಲಕ್ಷ ಡಾಲರ್ ಇತ್ತು. 2024ರಲ್ಲಿ 100 ಕೋಟಿ ರೂಪಾಯಿ, 2025ರಲ್ಲಿ 120 ಕೋಟಿ. ಆಟಗಾರ ಒಂದು ತಂಡದಿಂದ ಇನ್ನೊಂದಕ್ಕೆ ಹೋದರೆ ಅವನ ಸಂಬಳ ಮೊದಲ ತಂಡದ ಪರ್ಸ್‌ಗೆ ಜಮಾ, ಎರಡನೆಯದರಲ್ಲಿ ಖರ್ಚು. ಇಬ್ಬರು ಆಟಗಾರರು ಅದಲುಬದಲಾದರೆ ಸಂಬಳದ ವ್ಯತ್ಯಾಸ ಪರ್ಸ್‌ನಲ್ಲಿ ಕಾಣುತ್ತದೆ. ಬದಲಿ ಆಟಗಾರನೇ ಇಲ್ಲದ ಪೂರ್ತಿ ನಗದು ಟ್ರೇಡಿಗೂ ಅವಕಾಶವಿದೆ. ಇದರ ಜೊತೆ ತಂಡಗಳು ತಮ್ಮತಮ್ಮಲ್ಲೇ ವರ್ಗಾವಣೆ ಶುಲ್ಕವನ್ನೂ ಗೊತ್ತು ಮಾಡಿಕೊಳ್ಳಬಹುದು. ಆ ಮೊತ್ತ ಪರ್ಸ್‌ಗೆ ತಾಕುವುದಿಲ್ಲ, ಬಹಿರಂಗವಾಗುವುದೂ ಇಲ್ಲ. ಐಪಿಎಲ್ ಲೆಕ್ಕ ಓದುವವರಿಗೆ ಇರುವ ದೊಡ್ಡ ಕುರುಡುಚುಕ್ಕೆ ಇದೇ.

ಟ್ರೇಡ್ ಶುರುವಾದದ್ದು 2009ರ ಋತುವಿಗೆ ಮುನ್ನ. ಕೊಡಗು ಮೂಲದ ರಾಬಿನ್ ಉತ್ತಪ್ಪ ಮುಂಬೈ ಇಂಡಿಯನ್ಸ್‌ನಿಂದ ಬೆಂಗಳೂರಿಗೆ ಬಂದರು, ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋದರು. 2008ರ ಹರಾಜಿನಲ್ಲಿ ಉತ್ತಪ್ಪನ ಬೆಲೆ 8 ಲಕ್ಷ ಡಾಲರ್, ಜಹೀರ್ ಬೆಲೆ 4.5 ಲಕ್ಷ. ತನ್ನೂರಿನ ಹುಡುಗನನ್ನು ತರುವ ಉತ್ಸಾಹದಲ್ಲಿ ಆರ್‌ಸಿಬಿ ದುಬಾರಿ ಕರಾರನ್ನು ಹೊತ್ತುಕೊಂಡಿತು. ಮುಂಬೈಗೆ ಅನುಭವಿ ಎಡಗೈ ವೇಗಿಯೂ ಸಿಕ್ಕ, ಹಗುರವಾದ ಕರಾರೂ ಸಿಕ್ಕಿತು.

ಕ್ವಿಂಟನ್ ಡಿ ಕಾಕ್ ವಿಷಯದಲ್ಲಿ ಆರ್‌ಸಿಬಿ ಕೊಡುವ ಬದಿಯಲ್ಲಿತ್ತು. 2018ರ ಹರಾಜಿನಲ್ಲಿ 2.8 ಕೋಟಿಗೆ ಕೊಂಡಿದ್ದ ಈ ವಿಕೆಟ್‌ಕೀಪರನನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಮೊತ್ತಕ್ಕೆ ಮುಂಬೈಗೆ ಬಿಟ್ಟಿತು. ಜಾಗ ಹೊಂದಿಸಲು ಮುಂಬೈ ಇಬ್ಬರು ಬೌಲರುಗಳನ್ನು ಕೈಬಿಟ್ಟಿತು: ಮುಸ್ತಫಿಜುರ್ ರೆಹಮಾನ್ ಮತ್ತು ಅಖಿಲ ದನಂಜಯ. ಡಿ ಕಾಕ್ 2019ರಲ್ಲಿ 529 ರನ್, 2020ರಲ್ಲಿ 503 ರನ್ ಹೊಡೆದರು. ಎರಡೂ ವರ್ಷ ಮುಂಬೈ ಚಾಂಪಿಯನ್. 2019ರಲ್ಲಿ ಆರ್‌ಸಿಬಿ ಕಡೆಯ ಸ್ಥಾನದಲ್ಲಿತ್ತು. ಕೈಗೆ ಬಂದ 2.8 ಕೋಟಿಯಿಂದ ಅಂಥ ಮತ್ತೊಬ್ಬ ಆಟಗಾರ ಬರಲಿಲ್ಲ.

2019ರ ನವೆಂಬರಿನಲ್ಲಿ ಕಿಂಗ್ಸ್ ಇಲೆವೆನ್ ಪಂಜಾಬ್ ನಡೆಸಿದ ವ್ಯಾಪಾರದಲ್ಲಿ ಕನ್ನಡಿಗರೇ ತುಂಬಿದ್ದರು. ತಂಡದ ಕೋಚ್ ಅನಿಲ್ ಕುಂಬ್ಳೆ ಆಗಷ್ಟೇ ಬಂದಿದ್ದರು, ಕೆ.ಎಲ್. ರಾಹುಲ್ ಮುಂದಿನ ನಾಯಕರಾದರು. ಆವರೆಗಿನ ನಾಯಕ ಆರ್. ಅಶ್ವಿನ್ ಅವರ ಸಂಬಳ 7.6 ಕೋಟಿ. ಅವರನ್ನು ದೆಹಲಿಗೆ ಬಿಟ್ಟು ಪಂಜಾಬ್ ಪಡೆದದ್ದು 1.5 ಕೋಟಿ ರೂಪಾಯಿ ಮತ್ತು ಮೈಸೂರಿನ ಎಡಗೈ ಸ್ಪಿನ್ನರ್ ಜೆ. ಸುಚಿತ್ ಎಂದು ಆಗ ವರದಿಯಾಗಿತ್ತು. ಸುಚಿತ್ ಸಂಬಳ 20 ಲಕ್ಷ. ಟೆಸ್ಟ್‌ನಲ್ಲಿ ನೂರಾರು ವಿಕೆಟ್ ಕಿತ್ತವನಿಗೆ ಬದಲಾಗಿ ಭಾರತ ತಂಡದ ಟೋಪಿ ತೊಡದ ಹುಡುಗ: ಮೇಲ್ನೋಟಕ್ಕೆ ಇದಕ್ಕಿಂತ ಅಸಮವಾದದ್ದು ಸಿಗುವುದು ಕಷ್ಟ. ಆದರೆ ಪಂಜಾಬ್ ಪರ್ಸ್‌ನಲ್ಲಿ 7.4 ಕೋಟಿಯ ಜಾಗ ತೆರೆದಿತ್ತು. ಅದೇ ತಿಂಗಳು ಬೆಂಗಳೂರಿನ ಆಲ್‌ರೌಂಡರ್ ಕೆ. ಗೌತಮ್ ಅವರನ್ನು ರಾಜಸ್ಥಾನದಿಂದ 6.2 ಕೋಟಿಗೆ ಟ್ರೇಡಿನಲ್ಲಿ ತರಲಾಯಿತು. ಇಷ್ಟಾದಮೇಲೂ 2020ರ ಹರಾಜಿಗೆ ಅತಿ ದೊಡ್ಡ ಪರ್ಸ್ ಹಿಡಿದು ಹೋದದ್ದು ಪಂಜಾಬೇ, 42.7 ಕೋಟಿ. ಅದರಲ್ಲಿ 10.75 ಕೋಟಿ ಗ್ಲೆನ್ ಮ್ಯಾಕ್ಸ್‌ವೆಲ್‌ಗೆ ಹೋಯಿತು. ಮ್ಯಾಕ್ಸ್‌ವೆಲ್ ಆ ಋತುವಿನಲ್ಲಿ ಗಳಿಸಿದ್ದು 108 ರನ್. ಗೌತಮ್‌ಗೆ ಆಡಲು ಸಿಕ್ಕದ್ದು ಎರಡೇ ಪಂದ್ಯ. ಪಂಜಾಬ್ ಆರನೆಯದಾಯಿತು, ಅಶ್ವಿನ್ ಇದ್ದ ದೆಹಲಿ ಫೈನಲ್ ತಲುಪಿತು. ಖಾಲಿ ಜಾಗ ಗಳಿಸುವುದರಲ್ಲಿ ಪಂಜಾಬ್ ಜಾಣತನ ತೋರಿಸಿತು, ತುಂಬುವುದರಲ್ಲಿ ಸೋತಿತು.

2023ರ ನವೆಂಬರ್ 26

ಎನ್‌ಬಿಎ ಮಾದರಿಯ ಸರಪಳಿ ವ್ಯವಹಾರ ಐಪಿಎಲ್‌ನಲ್ಲಿ ಸ್ಪಷ್ಟವಾಗಿ ಕಂಡದ್ದು ಈ ದಿನ. ಆಟಗಾರರನ್ನು ಉಳಿಸಿಕೊಳ್ಳುವ ಇಲ್ಲವೇ ಬಿಡುವ ಪಟ್ಟಿ ಕೊಡಲು ಅಂದು ಸಂಜೆಯೇ ಗಡುವು. ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ನಾಯಕ. ತಂಡ 2022ರಲ್ಲಿ ಚಾಂಪಿಯನ್, 2023ರಲ್ಲಿ ರನ್ನರ್ ಅಪ್. ಅವರು ತಮ್ಮ ಹಳೆಯ ತಂಡ ಮುಂಬೈಗೆ ಮರಳುವ ಮಾತು ಆಗಲೇ ಎಲ್ಲೆಡೆ ಹಬ್ಬಿತ್ತು. ಆದರೆ ಆ ಸಂಜೆ ಹೊರಬಿದ್ದ ಗುಜರಾತ್ ಪಟ್ಟಿಯಲ್ಲಿ ಅವರ ಹೆಸರು ಉಳಿದುಕೊಂಡವರ ಸಾಲಿನಲ್ಲೇ ಇತ್ತು. ಅಡ್ಡಿಯಾಗಿದ್ದದ್ದು ಮುಂಬೈನ ಪರ್ಸ್.

ಹಾರ್ದಿಕ್ ಸಂಬಳ 15 ಕೋಟಿ. ಜೋಫ್ರಾ ಆರ್ಚರ್ ಮೊದಲಾದವರನ್ನು ಕೈಬಿಟ್ಟ ಮೇಲೂ ಮುಂಬೈ ಬಳಿ ಇದ್ದದ್ದು 15.25 ಕೋಟಿ. ಹಾರ್ದಿಕ್‌ರನ್ನು ಕರೆತಂದರೆ ಉಳಿಯುವುದು 25 ಲಕ್ಷ, ತುಂಬಬೇಕಾದ ಸ್ಥಾನಗಳೋ ಹಲವು. ಹೀಗಾಗಿ ಹಿಂದಿನ ಹರಾಜಿನಲ್ಲಿ 17.5 ಕೋಟಿಗೆ ಕೊಂಡಿದ್ದ ಆಸ್ಟ್ರೇಲಿಯದ ಕ್ಯಾಮರಾನ್ ಗ್ರೀನ್ ಅವರನ್ನು ಯಾರಾದರೂ ಪೂರ್ತಿ ನಗದಿಗೆ ಕೊಳ್ಳಬೇಕಿತ್ತು. ಹಾಗೆ ಕೊಳ್ಳುವ ಶಕ್ತಿ ಆರ್‌ಸಿಬಿಗೆ ಇತ್ತು. ಅದು ವನಿಂದು ಹಸರಂಗ ಮತ್ತು ಹರ್ಷಲ್ ಪಟೇಲ್ (ತಲಾ 10.75 ಕೋಟಿ), ಜೋಶ್ ಹೇಜಲ್‌ವುಡ್ (7.75 ಕೋಟಿ) ಸೇರಿದಂತೆ ಹಲವರನ್ನು ಬಿಟ್ಟು ಪರ್ಸನ್ನು 40 ಕೋಟಿಯ ಮೇಲೆ ಒಯ್ದಿತ್ತು. ಗ್ರೀನ್ ಬೆಂಗಳೂರಿಗೆ, ಹಾರ್ದಿಕ್ ಮುಂಬೈಗೆ, ಹಣ ಅಹಮದಾಬಾದಿಗೆ. ಎರಡೂ ಟ್ರೇಡುಗಳ ಅಧಿಕೃತ ಪ್ರಕಟಣೆ ಬಂದದ್ದು ಮರುದಿನ. ಹರಾಜಿಗೆ ಉಳಿದ ಪರ್ಸ್: ಗುಜರಾತ್ 38.15 ಕೋಟಿ, ಆರ್‌ಸಿಬಿ 23.25 ಕೋಟಿ, ಮುಂಬೈ 17.75 ಕೋಟಿ. ಹಾರ್ದಿಕ್ ಬಂದಮೇಲೂ ಮುಂಬೈ ಬಳಿ ಮೊದಲಿಗಿಂತ 2.5 ಕೋಟಿ ಹೆಚ್ಚು ಉಳಿದಿತ್ತು!

ಗುಜರಾತ್ ಆ ಹಣದಲ್ಲಿ ಸ್ಪೆನ್ಸರ್ ಜಾನ್ಸನ್ (10 ಕೋಟಿ), ಶಾರುಖ್ ಖಾನ್ (7.4 ಕೋಟಿ), ಉಮೇಶ್ ಯಾದವ್ (5.8 ಕೋಟಿ) ಮುಂತಾದವರನ್ನು ಕೊಂಡಿತು. ಆರ್‌ಸಿಬಿ ತಾನು ಬಿಟ್ಟ ಬೌಲರುಗಳ ಜಾಗಕ್ಕೆ ಅಲ್ಜಾರಿ ಜೋಸೆಫ್ ಅವರನ್ನು 11.5 ಕೋಟಿಗೆ ತಂದಿತು. ಆರ್‌ಸಿಬಿ ಬಿಟ್ಟ ಹಸರಂಗ ಮಾತ್ರ 1.5 ಕೋಟಿಗೆ ಹೈದರಾಬಾದ್ ಪಾಲಾದರು. 2024ರ ಋತುವಿನಲ್ಲಿ ಮುಂಬೈ ಹತ್ತನೆಯದು, ಗುಜರಾತ್ ಎಂಟನೆಯದು. ಗ್ರೀನ್ 255 ರನ್, 10 ವಿಕೆಟ್ ಕೂಡಿಸಿದರು, ಆರ್‌ಸಿಬಿ ಪ್ಲೇಆಫ್ ತಲುಪಿ ಎಲಿಮಿನೇಟರ್‌ನಲ್ಲಿ ಸೋತಿತು. ಮೂರು ತಂಡಗಳಲ್ಲಿ ನಗದು ಕೊಟ್ಟು ಆಟಗಾರನನ್ನು ತಂದ ಬೆಂಗಳೂರೇ ಆ ವರ್ಷ ಮುಂದಿತ್ತು. ಅಂದು ‘ಬೇಡದ ಹೊರೆ ಆರ್‌ಸಿಬಿ ತಲೆಗೆ’ ಎಂಬ ಗೇಲಿಗೆ ಬರವಿರಲಿಲ್ಲ. ಗ್ರೀನ್ ಬೆಲೆ ನಿಜಕ್ಕೂ ಹೆಚ್ಚಾಗಿತ್ತೇ? 2025ರ ಡಿಸೆಂಬರಿನಲ್ಲಿ ಅಬುಧಾಬಿ ಹರಾಜಿನಲ್ಲಿ ಕೋಲ್ಕತ್ತ ಇದೇ ಗ್ರೀನ್‌ಗೆ 25.2 ಕೋಟಿ ಕೂಗಿತು. ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಗೆ 18 ಕೋಟಿಗಿಂತ ಹೆಚ್ಚು ಹೋಗದಂತೆ ಆ ವೇಳೆಗೆ ನಿಯಮ ಬಂದಿತ್ತು. ಮಿಕ್ಕದ್ದು ಆಟಗಾರರ ಕ್ಷೇಮಕ್ಕೆಂದು ಬಿಸಿಸಿಐಗೆ ಸಂದಾಯ.

ಟ್ರೇಡ್ ಅಲ್ಲದ ಟ್ರೇಡುಗಳು

ಹರಾಜಿಗೆ ಮುನ್ನ ಆಟಗಾರರನ್ನು ಉಳಿಸಿಕೊಳ್ಳುವಾಗಲೂ ಇದೇ ಲೆಕ್ಕ ನಡೆಯುತ್ತದೆ. ರಾಹುಲ್ 2016ಕ್ಕೆ ಮುನ್ನ ಹೈದರಾಬಾದಿನಿಂದ ಟ್ರೇಡಿನಲ್ಲಿ ಆರ್‌ಸಿಬಿಗೆ ಬಂದು ಆ ಋತುವಿನಲ್ಲಿ 397 ರನ್ ಗಳಿಸಿದ್ದರು. 2018ರ ಮೆಗಾ ಹರಾಜಿಗೆ ಮುನ್ನ ತಂಡ ಮೂವರನ್ನು ಉಳಿಸಿಕೊಂಡಿತು: ವಿರಾಟ್ ಕೊಹ್ಲಿ (17 ಕೋಟಿ), ಎಬಿ ಡಿವಿಲಿಯರ್ಸ್ (11 ಕೋಟಿ), ಸರ್ಫರಾಜ್ ಖಾನ್. ಮೂರನೆಯವನು ಭಾರತಕ್ಕೆ ಆಡಿದವನಾದರೆ ಪರ್ಸ್‌ನಿಂದ 7 ಕೋಟಿ ಕಡಿತ, ಆಡದವನಾದರೆ 3 ಕೋಟಿ. ಸರ್ಫರಾಜ್ ಅಗ್ಗವಾದರು, ನಾಲ್ಕು ಕೋಟಿ ಉಳಿಯಿತು, ರಾಹುಲ್ ಹರಾಜಿಗೆ ಹೋದರು. ಪಂಜಾಬ್ ಅವರನ್ನು 11 ಕೋಟಿಗೆ ಒಯ್ದಿತು. ಬೆಂಗಳೂರಿನ ಅಭಿಮಾನಿಗಳು ಇಂದಿಗೂ ಕ್ಷಮಿಸದ ನಾಲ್ಕು ಕೋಟಿ ಅದು.

ಇದಕ್ಕೆ ವಿರುದ್ಧವಾದದ್ದು ಹರ್ಷಲ್ ಪಟೇಲ್ ಪ್ರಕರಣ. 2021ರ ಜನವರಿಯಲ್ಲಿ ದೆಹಲಿಯಿಂದ ಬೆಂಗಳೂರಿಗೆ ಬಂದಾಗ ಅವರ ಸಂಬಳ 20 ಲಕ್ಷ. ಆ ಋತುವಿನಲ್ಲಿ 32 ವಿಕೆಟ್ ಕಿತ್ತು ಐಪಿಎಲ್ ದಾಖಲೆ ಸರಿಗಟ್ಟಿದರು. ಅಗ್ಗದ ಕರಾರಿನ ಮೇಲಿರುವ ಒಳ್ಳೆಯ ಆಟಗಾರನಷ್ಟು ಲಾಭದ ಆಸ್ತಿ ಪರ್ಸ್ ಇರುವ ಲೀಗಿನಲ್ಲಿ ಬೇರೆ ಇಲ್ಲ. ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ ಇದಕ್ಕೆ ಸಾಕ್ಷಿ: 2023ರಲ್ಲಿ 10 ಲಕ್ಷಕ್ಕೆ ಆರ್‌ಸಿಬಿ ಸೇರಿದ ಅವರು 2024ರಲ್ಲಿ ತಂಡ ಪ್ರಶಸ್ತಿ ಗೆದ್ದಾಗ 13 ವಿಕೆಟ್‌ಗಳೊಂದಿಗೆ ಲೀಗಿನ ಅಗ್ರ ಬೌಲರ್ ಆಗಿದ್ದರು.

ಬೆಲೆ ಏರಿದಷ್ಟೇ ಬೇಗ ಇಳಿಯುತ್ತದೆ. ದೇವದತ್ತ ಪಡಿಕ್ಕಲ್ ಆರ್‌ಸಿಬಿಯಲ್ಲಿ 20 ಲಕ್ಷದ ಹುಡುಗ, ರಾಜಸ್ಥಾನದಲ್ಲಿ 7.75 ಕೋಟಿಯ ಆಟಗಾರ. 2023ರ ನವೆಂಬರಿನಲ್ಲಿ 10 ಕೋಟಿಯ ಆವೇಶ್ ಖಾನ್‌ಗೆ ಬದಲಾಗಿ ಲಖನೌಗೆ ಹೋದರು. 2025ಕ್ಕೆ ಮತ್ತೆ ಆರ್‌ಸಿಬಿ, 2 ಕೋಟಿಗೆ.

ಇತರ ಕ್ರೀಡೆಗಳು, ಕಲ್ಯಾಣ ಕರ್ನಾಟಕ

ಪ್ರೊ ಕಬಡ್ಡಿಯಲ್ಲಿ ಪರ್ಸ್ ಚಿಕ್ಕದು, ಆದ್ದರಿಂದ ಒಬ್ಬನ ಬೆಲೆಯೇ ತಂಡವನ್ನು ಅಲ್ಲಾಡಿಸುತ್ತದೆ. ಬೆಂಗಳೂರು ಬುಲ್ಸ್‌ಗೆ ಆರನೇ ಆವೃತ್ತಿಯ ಪ್ರಶಸ್ತಿ ತಂದ ಪವನ್ ಸೆಹ್ರಾವತ್ 2022ರ ಹರಾಜಿನಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿ ಮೊದಲ ಪಂದ್ಯದಲ್ಲೇ ಗಾಯಗೊಂಡರು. ಮರುವರ್ಷ ತೆಲುಗು ಟೈಟನ್ಸ್ ತನ್ನ 5 ಕೋಟಿಯ ಪರ್ಸ್‌ನಲ್ಲಿ 2.605 ಕೋಟಿಯನ್ನು ಅವರೊಬ್ಬರಿಗೇ ಇಟ್ಟು, ಉಳಿದ ತಂಡವನ್ನು ಮಿಕ್ಕದ್ದರಲ್ಲಿ ಕಟ್ಟಿತು. ಆ ಋತುವಿನಲ್ಲಿ ಗೆದ್ದದ್ದು ಎರಡೇ ಪಂದ್ಯ.

ಕರ್ನಾಟಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಟ್ರೇಡ್ ಎಂಬುದೇ ಬೇರೂರಿಲ್ಲ. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್, 2022ರಲ್ಲಿ ಬಂದ ಐಎನ್‌ಬಿಎಲ್‌ನಲ್ಲಿ ಬೆಂಗಳೂರು ಕಿಂಗ್ಸ್ ತಂಡಗಳಿದ್ದವು. ಆದರೆ ಆಟಗಾರರ ಬದುಕು ನಡೆಯುವುದು ರೈಲ್ವೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆಯ ನೌಕರಿಯಿಂದ. ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಅಲ್ಲಿ ನೌಕರಿ ಬದಲಿಸುವುದು. ಪಿಂಚಣಿ ಇರುವ ಕೆಲಸವನ್ನು ಯಾವ ಪರ್ಸ್ ತಾನೇ ಸರಿಗಟ್ಟೀತು?

ಬೀದರ್ ಜಿಲ್ಲೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿದ್ದು. ಮಹಾರಾಜ ಟ್ರೋಫಿ ಟಿ20 ಲೀಗಿನಲ್ಲಿ ದುಬಲಗುಂಡಿ, ಬಸವಕಲ್ಯಾಣದ ಹುಡುಗರು ತಮ್ಮದೆನ್ನಬಹುದಾದ ತಂಡ ಗುಲ್ಬರ್ಗ ಮಿಸ್ಟಿಕ್ಸ್. 2022ರ ಮೊದಲ ಆವೃತ್ತಿಯಲ್ಲಿ ಮನೀಶ್ ಪಾಂಡೆ ನಾಯಕತ್ವದಲ್ಲಿ ಪ್ರಶಸ್ತಿ ಗೆದ್ದದ್ದೂ ಅದೇ. ಮರುವರ್ಷ ಹರಾಜು ಬಂತು. ಪಾಂಡೆ ಹುಬ್ಬಳ್ಳಿ ಟೈಗರ್ಸ್ ಪಾಲಾದರು, ಪ್ರಶಸ್ತಿಯೂ ಹುಬ್ಬಳ್ಳಿಗೆ ಹೋಯಿತು. ಇನ್ನು ಹಳ್ಳಿಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಹೊರಗಿನಿಂದ ಕರೆಸಿದ ಬ್ಯಾಟರನಿಗೆ ಹೋಗಿಬರುವ ಖರ್ಚು, ಊಟ, ಕೈಗೆ ಒಂದಿಷ್ಟು. ಅಲ್ಲಿ ಕರಾರು ಒಂದು ದಿನದ್ದು.

ಆಟಗಾರನ ಪಾಲು

ಎನ್‌ಬಿಎಯಲ್ಲಿ ಬಹುತೇಕ ಆಟಗಾರರನ್ನು ಕೇಳದೆಯೇ ಟ್ರೇಡ್ ಮಾಡಬಹುದು. ತಡೆಯುವ ಷರತ್ತು ಕರಾರಿನಲ್ಲಿರುವವರು ಬೆರಳೆಣಿಕೆಯಷ್ಟು. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆ ಬೇಕೇಬೇಕು. ವರ್ಗಾವಣೆ ಶುಲ್ಕದಲ್ಲಿ ಅರ್ಧದವರೆಗೆ ಅವನಿಗೂ ಪಾಲು ಸಿಗಬಹುದು, ತಂಡ ಒಪ್ಪಿದರೆ. ಆದರೆ ತಾನೇ ಬೇರೆ ತಂಡದ ಜೊತೆ ಮಾತಿಗೆ ಕೂರುವಂತಿಲ್ಲ. ರವೀಂದ್ರ ಜಡೇಜ ರಾಜಸ್ಥಾನದ ಕರಾರಿನಲ್ಲಿದ್ದಾಗ ಹಾಗೆ ಮಾಡಿದ್ದಕ್ಕೆ 2010ರ ಇಡೀ ಋತು ಅಮಾನತಾದರು. 2025ರ ನವೆಂಬರಿನಲ್ಲಿ ಚೆನ್ನೈ ತಂಡ ಅವರನ್ನೂ ಸ್ಯಾಮ್ ಕರನ್‌ನನ್ನೂ ಕೊಟ್ಟು ಸಂಜು ಸ್ಯಾಮ್ಸನ್‌ರನ್ನು 18 ಕೋಟಿಗೆ ತಂದಾಗ, ಜಡೇಜ ಮರಳಿದ್ದು ಅದೇ ರಾಜಸ್ಥಾನಕ್ಕೆ. ಚೆನ್ನೈಯಲ್ಲಿ 18 ಕೋಟಿ ಇದ್ದ ಸಂಬಳ ಈ ಬಾರಿ 14 ಕೋಟಿಗೆ ಇಳಿದಿತ್ತು. ಅವರು ಒಪ್ಪಿ ಸಹಿ ಹಾಕಿದರು.